ಮನೆಯಲ್ಲೇ ಎಪ್ಪತ್ತರ ದಶಕದ ಫಂಕ್: ಆಂಪ್ ಸಿಮ್‌ನಲ್ಲಿ ಗಿಟಾರ್ ಯಾಕೆ ಮಬ್ಬಾಗುತ್ತದೆ?

ಒಂಟಿತಂತಿ

ಎಪ್ಪತ್ತರ ದಶಕದ ಧಾಟಿಯ ಒಂದು ಫಂಕ್ (ತಾಳವೇ ಮುಂದಿರುವ ಕುಣಿತದ ಸಂಗೀತ) ಟ್ರ್ಯಾಕ್ ಮನೆಯಲ್ಲೇ ಕೂತು ಮಾಡುತ್ತಿದ್ದೇನೆ. ಹಾಡುಗಾರಿಕೆ ಇಲ್ಲ, ಬರೀ ವಾದ್ಯ. ವೇಗ 102 ಬಿಪಿಎಂ, ಅಂದರೆ ನಿಮಿಷಕ್ಕೆ 102 ಬೀಟ್. ಹೆಚ್ಚು ಹೊತ್ತು ಇ9 ಕಾರ್ಡ್ (ಸ್ವರಗುಚ್ಛ) ಮೇಲೇ ನಿಲ್ಲುತ್ತದೆ, ನಡುವೆ ಎ9ಗೆ ಹೋಗಿ ಬರುತ್ತದೆ, ಅಷ್ಟೇ. ಕೈಯಲ್ಲಿರುವುದು ಸ್ಟ್ರಾಟ್ (ಫೆಂಡರ್ ಸ್ಟ್ರಾಟೋಕಾಸ್ಟರ್) ಮಾದರಿಯ ಎಲೆಕ್ಟ್ರಿಕ್ ಗಿಟಾರ್, ಅದನ್ನು ಕಂಪ್ಯೂಟರ್‌ಗೆ ಜೋಡಿಸುವ ಎರಡು ಇನ್‌ಪುಟ್‌ನ ಆಡಿಯೋ ಇಂಟರ್ಫೇಸ್, ಒಂದು ಹೆಡ್‌ಫೋನ್. ನಿಜವಾದ ಆಂಪ್ (ಗಿಟಾರ್ ಆಂಪ್ಲಿಫೈಯರ್) ಇಲ್ಲ. ಇದ್ದರೂ ಇಲ್ಲಿ ಜೋರಾಗಿ ಹಾಕುವ ಹಾಗಿಲ್ಲ. ಹಾಗಾಗಿ ಎಲ್ಲವೂ ಕಂಪ್ಯೂಟರ್ ಒಳಗಿನ ಆಂಪ್ ಸಿಮ್‌ನಲ್ಲೇ, ಅಂದರೆ ಆಂಪ್ ಸದ್ದನ್ನು ಅನುಕರಿಸುವ ಸಾಫ್ಟ್‌ವೇರ್‌ನಲ್ಲೇ.

ತೊಂದರೆ ಏನೆಂದರೆ, ಕ್ಲೀನ್ (ಒಡೆಯದ ಸದ್ದು) ಅಂತ ಹೆಸರಿರುವ ಪ್ರೀಸೆಟ್ (ಸಿದ್ಧ ಸೆಟ್ಟಿಂಗ್) ಹಾಕಿ ಗಿಟಾರ್ ಒಂದನ್ನೇ ಕೇಳಿದರೆ ಸೊಗಸಾಗಿದೆ. ಬಾಸ್, ಡ್ರಮ್ಸ್ ಸೇರಿಸಿದ ಕೂಡಲೇ ಮಬ್ಬಾಗಿ ಹಿಂದೆ ಸರಿಯುತ್ತದೆ. ವಾಲ್ಯೂಮ್ ಏರಿಸಿದರೆ ಎಲ್ಲದರ ಮೇಲೆ ಕೂತುಬಿಡುತ್ತದೆ. ಜೋರಾಗಿ ಹೊಡೆದ ಕಡೆ ಸಣ್ಣಗೆ ಒಡೆದ ಸದ್ದು ಬೇರೆ. ಹಳೇ ರೆಕಾರ್ಡ್‌ಗಳಲ್ಲಿ ಗಿಟಾರ್ ತೆಳ್ಳಗಿದ್ದೂ ಎದ್ದು ಕೇಳುತ್ತದೆ, ಅಲ್ವಾ? ನನ್ನದು ದಪ್ಪಗಿದ್ದೂ ಕೇಳುವುದಿಲ್ಲ. ಈಗಿನ ಕ್ಲಿಪ್ ಹಾಕಿದ್ದೇನೆ. ಯಾವ ಆಂಪ್ ಮಾಡೆಲ್ ಹಾಕಬೇಕು ಅಂತ ಬಲ್ಲವರು ಹೇಳಿ.

ಖರಖರ

ಆಂಪ್ ಯಾವುದಾದರೇನು ಗುರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ತಮಾಷೆಗೆ ಹೇಳಿದೆ, ಬೇಜಾರಾಗಬೇಡಿ. ಬಲಗೈ ಬಗ್ಗೆ ಹೇಳುವುದು ತುಂಬಾ ಇದೆ, ಆಮೇಲೆ ಕೂತು ಬರೆಯುತ್ತೇನೆ.

ಬಫರ್_128

ಅವರು ಬಲಗೈಗೆ ಬರುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ಇಂಟರ್ಫೇಸ್‌ನಲ್ಲಿ ಇನ್ಸ್ಟ್ರುಮೆಂಟ್ ಅಂತ ಒಂದು ಗುಂಡಿ ಇರುತ್ತದೆ. ಅದು ಒತ್ತಿದೆಯಾ? ಗಿಟಾರ್ ಪಿಕಪ್‌ಗೆ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಸುಮಾರು 1 ಮೆಗಾಓಮ್ ಇಂಪೀಡೆನ್ಸ್ (ವಿದ್ಯುತ್ ತಡೆ) ಇರುವ ಇನ್‌ಪುಟ್ ಬೇಕು. ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ಅಲ್ಲಿ ಸಿಗುವುದು ಅದರ ನೂರರಲ್ಲೊಂದು ಪಾಲಿನ ಆಸುಪಾಸು. ಪಿಕಪ್ ಮೇಲೆ ಹೊರೆ ಬಿದ್ದು ಮೇಲಿನ ಮಿಂಚೆಲ್ಲ ಅಲ್ಲೇ ಸತ್ತುಹೋಗುತ್ತದೆ. ಆಮೇಲೆ ಯಾವ ಆಂಪ್ ಮಾಡೆಲ್ ಹಾಕಿದರೂ ಅದು ವಾಪಸ್ ಬರುವುದಿಲ್ಲ.

ಎರಡನೆಯದು ಆ ಒಡೆದ ಸದ್ದು. ಇಂಟರ್ಫೇಸ್‌ನ ಗೇನ್ ತಿರುಗಿಸಿದರೆ ರೆಕಾರ್ಡಿಂಗ್ ಲೆವೆಲ್ ಮಾತ್ರ ಏರುತ್ತದೆ ಅಂತ ಎಷ್ಟೋ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಆ ಸಿಗ್ನಲ್ಲೇ ಮಾಡೆಲ್‌ನ ಮೊದಲ ವಾಲ್ವ್‌ಗೆ ಹೋಗಿ ಬಡಿಯುತ್ತದೆ. ಗೇನ್ ಏರಿಸಿದಿರಿ ಅಂದರೆ ಗಿಟಾರ್ ಮುಂದೆ ಒಂದು ಬೂಸ್ಟರ್ ಪೆಡಲ್ ಇಟ್ಟ ಲೆಕ್ಕ. ಕ್ಲೀನ್ ಪ್ರೀಸೆಟ್ ಕೂಡ ಆಗ ಕರಕರ ಅನ್ನುತ್ತದೆ. ನೀವು ನುಡಿಸುವಷ್ಟು ಜೋರಾಗಿ ನುಡಿಸಿ, ಮೀಟರ್ ತುದಿ ಮೈನಸ್ 12 ಡಿಬಿ ಹತ್ತಿರ ನಿಲ್ಲುವಂತೆ ಇಡಿ. 24 ಬಿಟ್‌ನಲ್ಲಿ ಇದು ಧಾರಾಳ ಸಾಕು, ನಾಯ್ಸ್ ಭಯ ಬೇಡ. ಇನ್ನೂ ಒಡೆಯುತ್ತಿದ್ದರೆ ಪ್ಲಗಿನ್ (ಆಂಪ್ ಸಿಮ್) ಒಳಗಿನ ಇನ್‌ಪುಟ್ ಅನ್ನು 6 ಡಿಬಿ ಇಳಿಸಿ ನೋಡಿ.

ಬಫರ್, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಎತ್ತಿಕೊಳ್ಳುವ ಸ್ಯಾಂಪಲ್‌ಗಳ ಲೆಕ್ಕ, ಎಷ್ಟಕ್ಕೆ ಇಟ್ಟಿದ್ದೀರಿ?

ಒಂಟಿತಂತಿ

ಇನ್ಸ್ಟ್ರುಮೆಂಟ್ ಗುಂಡಿ ಒತ್ತಿದೆ. ಇನ್‌ಪುಟ್ ಇಳಿಸಿದ ಮೇಲೆ ಒಡೆಯುವುದು ನಿಂತಿತು, ಥ್ಯಾಂಕ್ಸ್. ಬಫರ್ 512.

ಬಫರ್_128

512 ಜಾಸ್ತಿ ಆಯಿತು. 48 ಕಿಲೋಹರ್ಟ್ಜ್‌ನಲ್ಲಿ ಅದು ಒಂದು ಕಡೆಗೇ 10.7 ಮಿಲಿಸೆಕೆಂಡ್. ಹೋಗಿ ಬರುವಷ್ಟರಲ್ಲಿ ಅದರ ದುಪ್ಪಟ್ಟು, ಮೇಲೆ ಕನ್ವರ್ಟರ್‌ನ ಚಿಲ್ಲರೆ. ರಾಕ್ ಬ್ಯಾಲಡ್‌ಗೆ ಇದು ನಡೆದೀತು. ಫಂಕ್‌ನಲ್ಲಿ ನಡೆಯುವುದಿಲ್ಲ. 102 ಬಿಪಿಎಂನಲ್ಲಿ ಒಂದು ಹದಿನಾರನೇ ಸ್ವರಕ್ಕೆ (ಬೀಟ್‌ನ ಕಾಲು ಭಾಗ) ಸಿಗುವುದೇ 147 ಮಿಲಿಸೆಕೆಂಡ್. ಸ್ವಿಂಗ್ ಅನ್ನು (ಜೋಡಿ ಪೆಟ್ಟಿನಲ್ಲಿ ಎರಡನೆಯದನ್ನು ತಡ ಮಾಡುವ ಪ್ರಮಾಣ) 54 ಪರ್ಸೆಂಟ್‌ಗೆ ಇಟ್ಟರೆ ಎರಡನೇ ಪೆಟ್ಟು ಸುಮಾರು 12 ಮಿಲಿಸೆಕೆಂಡ್ ತಡವಾಗಿ ಬೀಳುತ್ತದೆ. ಆ 12 ಮಿಲಿಸೆಕೆಂಡೇ ನಿಮ್ಮ ಗ್ರೂವ್. ಈಗ ಹೆಡ್‌ಫೋನ್‌ನಲ್ಲಿ 20 ಚಿಲ್ಲರೆ ಮಿಲಿಸೆಕೆಂಡ್ ತಡವಾಗಿ ಕೇಳಿಸಿಕೊಂಡು ಅದನ್ನು ಹೇಗೆ ಹಿಡಿಯುತ್ತೀರಿ?

128 ಇಡಿ, ಕಂಪ್ಯೂಟರ್ ತಡೆದರೆ 64. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಆಂಪ್‌ನಿಂದ ಮೂರು ಮೀಟರ್ ದೂರ ನಿಂತು ನುಡಿಸುವವರಿಗೂ 9 ಮಿಲಿಸೆಕೆಂಡ್ ತಡವಾಗಿಯೇ ಕೇಳುತ್ತದೆ. ಅಷ್ಟರೊಳಗೆ ಇದ್ದರೆ ಕೈ ತಾನಾಗಿ ಹೊಂದಿಕೊಳ್ಳುತ್ತದೆ. ಮಿಕ್ಸ್ ಮಾಡುವಾಗ ಬೇಕಾದರೆ 1024ಕ್ಕೆ ಏರಿಸಿಕೊಳ್ಳಿ.

ಹಳೇಟೇಪು

ಆಂಪ್ ಯಾವುದು ಅಂತ ಕೇಳಿದಿರಿ. ನನ್ನ ಉತ್ತರ: ಆಂಪ್ ತೆಗೆದುಹಾಕಿ.

ಆ ಕಾಲದ ಗಿಟಾರ್‌ಗಳಲ್ಲಿ ಎಷ್ಟೋ ಆಂಪ್ ಮುಖವನ್ನೇ ನೋಡಿಲ್ಲ. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಅರವತ್ತರ ದಶಕದಲ್ಲೇ ಗಿಟಾರ್, ಬಾಸ್ ಎರಡನ್ನೂ ನೇರ ಕನ್ಸೋಲ್‌ಗೆ (ಮಿಕ್ಸಿಂಗ್ ಮೇಜಿಗೆ) ಕೊಡುತ್ತಿದ್ದರು. ನುಡಿಸುವವರು ತಮ್ಮನ್ನು ತಾವು ಕೇಳಿಸಿಕೊಳ್ಳುತ್ತಿದ್ದದ್ದು ಒಂದು ಮಾನಿಟರ್ ಸ್ಪೀಕರ್‌ನಲ್ಲಿ. ಎಪ್ಪತ್ತರ ದಶಕದ ಕೊನೆಗೆ ಗಿಟಾರ್ ವಾದಕ ನೈಲ್ ರಾಜರ್ಸ್ ಅವರ ಸ್ಟ್ರಾಟ್ ಸದ್ದಿನ ಗುಟ್ಟೂ ಹೆಚ್ಚಾಗಿ ಇದೇ. ಗಿಟಾರ್, ಒಳ್ಳೆಯ ಪ್ರೀಆಂಪ್, ಕಂಪ್ರೆಸರ್ (ಜೋರು-ಮೆಲ್ಲಗಿನ ಅಂತರ ತಗ್ಗಿಸುವ ಯಂತ್ರ), ಟೇಪ್. ನಡುವೆ ಸ್ಪೀಕರ್ ಇಲ್ಲದ್ದರಿಂದ ಪಿಕ್ ತಂತಿಗೆ ತಗುಲುವ ಆ ಚಿಟ್ ಸದ್ದು ಉಳಿಯುತ್ತದೆ. ಮಿಕ್ಸ್‌ನಲ್ಲಿ ಎದ್ದು ಕೇಳುವುದೇ ಅದು.

ಹಾಗಾಗಿ ನಿಮ್ಮ ಡ್ರೈ (ಆಂಪ್ ಮೂಲಕ ಹೋಗದ) ಸಿಗ್ನಲ್ ತೆಗೆದುಕೊಳ್ಳಿ. 120 ಹರ್ಟ್ಜ್‌ನಿಂದ ಕೆಳಗಿನದ್ದನ್ನು ಕತ್ತರಿಸಿ. ಧೈರ್ಯ ಇದ್ದರೆ 180ರವರೆಗೂ ಹೋಗಿ. ಗಿಟಾರ್ ಒಂದನ್ನೇ ಕೇಳಿದಾಗ ಬಡಕಲು ಅನ್ನಿಸಬೇಕು. ಅನ್ನಿಸಿದರೆ ಸರಿಯಾಗಿದೆ ಅಂತಲೇ ಅರ್ಥ. ನಿಮ್ಮ ಗಿಟಾರ್ ದಪ್ಪಗಿದ್ದೂ ಕೇಳದಿರುವುದಕ್ಕೆ ಕಾರಣ ಆ ದಪ್ಪವೇ. 100ರಿಂದ 250ರ ನಡುವಿನ ಜಾಗ ಬಾಸ್‌ನದ್ದು. ಅಲ್ಲಿ ನೀವು ಹೋಗಿ ಕೂತರೆ ಇಬ್ಬರೂ ಮಬ್ಬಾಗುತ್ತೀರಿ.

ಕಂಪ್ರೆಸರ್‌ಗೆ 1176 ಮಾದರಿಯದ್ದು ಸಾಕು. ಆ ಯಂತ್ರ ಬಂದದ್ದು 1967ರಲ್ಲಿ. ಅದರ ನಕಲು ಇಲ್ಲದ ಪ್ಲಗಿನ್ ಕಂಪನಿಯೇ ಕಡಿಮೆ. ಆದರೆ ಒಂದು ವಿಚಿತ್ರ ಗೊತ್ತಿರಲಿ. ಅದು ಎಷ್ಟು ಬೇಗ ಅದುಮಲು ಶುರುಮಾಡಬೇಕು ಅನ್ನುವ ಅಟ್ಯಾಕ್ ತಿರುಗಣೆ ಉಲ್ಟಾ. 7 ಅಂದರೆ ಅತಿ ವೇಗ, 1 ಅಂದರೆ ನಿಧಾನ. ಅದೂ ಹೆಸರಿಗೆ ನಿಧಾನ. ಅತಿ ನಿಧಾನದಲ್ಲಿಟ್ಟರೂ 800 ಮೈಕ್ರೋಸೆಕೆಂಡ್, ಅಂದರೆ ಒಂದು ಮಿಲಿಸೆಕೆಂಡ್ ಕೂಡ ಇಲ್ಲ. ನಕಲು ಪ್ಲಗಿನ್‌ಗಳು ಈ ಉಲ್ಟಾತನವನ್ನೂ ಹಾಗೇ ಉಳಿಸಿಕೊಂಡಿವೆ. ಅಟ್ಯಾಕ್ 1 ಅಥವಾ 2, ರಿಲೀಸ್ (ಬಿಡುವ ವೇಗ) 7ರ ಹತ್ತಿರ, ಅನುಪಾತ 4ಕ್ಕೆ 1. ಮುಳ್ಳು 4-5 ಡಿಬಿ ಅಲ್ಲಾಡಿದರೆ ಸಾಕು.

ಶ್ರುತಿಪೆಟ್ಟಿಗೆ

ಹಳೇಟೇಪು ಸರ್, ಪೂರ್ತಿ ಒಪ್ಪಲಾರೆ. ನೀವು ಹೇಳಿದ್ದು ಡಿಸ್ಕೋ ಕಡೆಗೆ ವಾಲಿದ, ನುಣುಪಾದ ಸದ್ದಿಗೆ ಸರಿ. ಗಾಯಕ ಜೇಮ್ಸ್ ಬ್ರೌನ್ ತಂಡದ ಕಡೆಯ, ಸ್ವಲ್ಪ ಒರಟಾದ ಫಂಕ್ ಬೇಕೆಂದರೆ ಕೋಣೆಯಲ್ಲಿ ಆಂಪ್ ಇತ್ತು, ಅದರ ಮುಂದೆ ಮೈಕ್ ಇತ್ತು. ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಜ್ ದಾಟಿದ ಮೇಲೆ ಬೇಗ ಬಿದ್ದುಹೋಗುತ್ತದೆ. ಆ ಬೀಳುವಿಕೆಯಿಂದಲೇ ಹೈ-ಹ್ಯಾಟ್‌ಗೆ (ಡ್ರಮ್ಸ್‌ನ ಜೋಡಿ ತಟ್ಟೆ) ಮೇಲೆ ಜಾಗ ಸಿಗುತ್ತದೆ. ಬರೀ ಡ್ರೈ ಸಿಗ್ನಲ್ ಇಟ್ಟರೆ ಪಿಕ್‌ನ ಚಿಟ್ ಸದ್ದು, ಹೈ-ಹ್ಯಾಟ್‌ನ ಚಿಟ್ ಸದ್ದು ಒಂದರ ಮೇಲೊಂದು ಬಿದ್ದು ಕಿವಿ ಚುಚ್ಚುತ್ತದೆ.

ನನ್ನ ಕೈಗೆ ಬಂದಿರುವ ದಾರಿ ಇದು: ಫೆಂಡರ್ ಟ್ವಿನ್ ರಿವರ್ಬ್ ಆಂಪ್ ಮಾದರಿಯ ಮಾಡೆಲ್. ನಿಜವಾದದ್ದು 85 ವ್ಯಾಟ್, ಎರಡು 12 ಇಂಚಿನ ಸ್ಪೀಕರ್. ಸುಲಭಕ್ಕೆ ಒಡೆಯುವುದಿಲ್ಲ. ಬಾಸ್ 2, ಮಿಡ್ 5, ಟ್ರೆಬಲ್ 6, ವಾಲ್ಯೂಮ್ 3. ಸ್ಪ್ರಿಂಗ್ ರಿವರ್ಬ್ (ಕೋಣೆಯ ಅನುರಣನದಂಥ ಸದ್ದು) ಇದೆಯೋ ಇಲ್ಲವೋ ಅನ್ನುವಷ್ಟು ಮಾತ್ರ. ಕ್ಯಾಬಿನೆಟ್ ಇಂಪಲ್ಸ್ ರೆಸ್ಪಾನ್ಸ್‌ನಲ್ಲಿ (ಸ್ಪೀಕರ್ ಪೆಟ್ಟಿಗೆಯ ಸದ್ದನ್ನು ಹಿಡಿದಿಟ್ಟ ಫೈಲ್) ಒಂದೇ ಮೈಕ್ ಆರಿಸಿ. ಶ್ಯೂರ್ ಎಸ್‌ಎಂ57 ಇದ್ದರೆ ಅದೇ. ದೂರದ ರೂಮ್ ಮೈಕ್ ಎಲ್ಲ ಆಫ್. ಪ್ರೀಸೆಟ್ ಮಾಡುವವರು ಒಂಟಿ ಗಿಟಾರ್ ಸೊಗಸಾಗಿ ಕೇಳಲಿ ಅಂತ ಸ್ಟೀರಿಯೋ ಡಿಲೇ, ರೂಮು, ಕೋರಸ್ ಎಲ್ಲ ತುಂಬಿರುತ್ತಾರೆ. ಮೊದಲು ಅವನ್ನೆಲ್ಲ ಕಿತ್ತುಹಾಕಿ.

ಹಳೇಟೇಪು

ಮೇಡಂ, ಒರಟು ಸದ್ದಿಗೆ ನೀವು ಹೇಳಿದ್ದು ಸರಿ. ಆದರೆ ಮೇಲಿನ ಚುಚ್ಚುವಿಕೆಯನ್ನು 6 ಕಿಲೋಹರ್ಟ್ಜ್‌ನಲ್ಲಿ ಒಂದು ಫಿಲ್ಟರ್ ಹಾಕಿ ಕತ್ತರಿಸಿದರೂ ಆಗುತ್ತದಲ್ಲ?

ಶ್ರುತಿಪೆಟ್ಟಿಗೆ

ಕತ್ತರಿಸಬಹುದು. ಆದರೆ ಸ್ಪೀಕರ್ ಬರೀ ಕತ್ತರಿಸುವುದಿಲ್ಲ. 2ರಿಂದ 3 ಕಿಲೋಹರ್ಟ್ಜ್ ಸುತ್ತ ಎತ್ತಿಯೂ ಕೊಡುತ್ತದೆ. ಆ ಉಬ್ಬನ್ನು ಈಕ್ವಲೈಜರ್‌ನಲ್ಲಿ ಕೈಯಾರೆ ಬರೆಯುತ್ತಾ ಕೂರುವುದಕ್ಕಿಂತ ಕ್ಯಾಬ್ ಹಾಕುವುದೇ ಸಲೀಸು.

ಬಫರ್_128

ಜಗಳ ಯಾಕೆ, ಎರಡನ್ನೂ ಸೇರಿಸಬಹುದು. ಡ್ರೈ ಒಂದು ಟ್ರ್ಯಾಕ್, ಅದರ ನಕಲಿಗೆ ಆಂಪ್. ಆಂಪ್ ಜಾಸ್ತಿ, ಡ್ರೈ ಅದರ ಕೆಳಗೆ. ಒಂದು ಎಚ್ಚರಿಕೆ ಮಾತ್ರ ಬೇಕು. ಕೆಲವು ಇಂಪಲ್ಸ್ ಫೈಲ್‌ಗಳ ಶುರುವಿನಲ್ಲಿ ಒಂದೆರಡು ಮಿಲಿಸೆಕೆಂಡ್ ಖಾಲಿ ಇರುತ್ತದೆ. ರೆಕಾರ್ಡಿಂಗ್ ಸಾಫ್ಟ್‌ವೇರ್ ಅದನ್ನು ಪ್ಲಗಿನ್ ಲೇಟೆನ್ಸಿ (ತಡ) ಅಂತ ಎಣಿಸುವುದಿಲ್ಲ, ಸರಿದೂಗಿಸುವುದೂ ಇಲ್ಲ. ಎರಡು ಟ್ರ್ಯಾಕ್ ನಡುವೆ ಒಂದೇ ಮಿಲಿಸೆಕೆಂಡ್ ಹೆಚ್ಚುಕಮ್ಮಿ ಇದ್ದರೂ 500 ಹರ್ಟ್ಜ್‌ನಲ್ಲಿ ಒಂದು ಹಳ್ಳ ಬೀಳುತ್ತದೆ, ಅಂದರೆ ಅಲ್ಲಿನ ಸದ್ದು ಕುಗ್ಗಿಹೋಗುತ್ತದೆ. ಆಮೇಲೆ 1500ರಲ್ಲಿ, 2500ರಲ್ಲಿ, ಹೀಗೇ ಮೇಲೆ ಹೋಗುತ್ತದೆ. ಫಂಕ್ ಗಿಟಾರ್ ಬದುಕಿರುವುದೇ ಆ ಜಾಗದಲ್ಲಿ.

ಪರೀಕ್ಷೆ ಸುಲಭ. ಎರಡನ್ನೂ ಸಮ ಲೆವೆಲ್‌ಗೆ ತನ್ನಿ. ಒಂದರ ಪೊಲಾರಿಟಿ (ಅಲೆಯ ಮೇಲು-ಕೆಳಗು) ತಿರುಗಿಸಿ. ಸದ್ದು ಅತಿ ಟೊಳ್ಳಾಗುವ ತನಕ ಡ್ರೈ ಟ್ರ್ಯಾಕ್ ಅನ್ನು ಚೂರು ಚೂರೇ ಅತ್ತಿತ್ತ ಸರಿಸಿ. ಆ ಜಾಗದಲ್ಲಿ ನಿಲ್ಲಿಸಿ ಪೊಲಾರಿಟಿ ವಾಪಸ್ ತಿರುಗಿಸಿ. ಅಲ್ಲೇ ಅತಿ ಗಟ್ಟಿಯಾಗಿ ಕೇಳುತ್ತದೆ.

ಇನ್ನೊಂದು ಮಾತು. ಏನೇ ಮಾಡಿ, ಡ್ರೈ ಸಿಗ್ನಲ್ ಅನ್ನು ಬೇರೆ ಟ್ರ್ಯಾಕ್‌ನಲ್ಲಿ ಉಳಿಸಿಕೊಳ್ಳಿ. ಈ ವಾದ ಮಿಕ್ಸ್ ದಿನ ಕಿವಿಯಿಂದಲೇ ತೀರ್ಮಾನವಾಗಲಿ. ದುಡ್ಡು ಹಾಕಿ ಪ್ಲಗಿನ್ ಕೊಳ್ಳಲೇಬೇಕು ಅಂತಲೂ ಇಲ್ಲ. ನ್ಯೂರಲ್ ಆಂಪ್ ಮಾಡೆಲರ್ ಮುಕ್ತ ತಂತ್ರಾಂಶ. ನಿಜವಾದ ಆಂಪ್‌ಗಳ ಕ್ಯಾಪ್ಚರ್ ಫೈಲ್‌ಗಳನ್ನು ಜನ ಅದಕ್ಕಾಗಿ ಹಂಚಿಕೊಳ್ಳುತ್ತಾರೆ. ನೆನಪಿಡಿ, ಕ್ಯಾಪ್ಚರ್ ಅಂದರೆ ಆಂಪ್‌ನ ತಿರುಗಣೆಗಳು ಒಂದು ಜಾಗದಲ್ಲಿದ್ದಾಗಿನ ಸದ್ದು. ವಾಲ್ಯೂಮ್ 3ರಲ್ಲಿ ತೆಗೆದದ್ದನ್ನೇ ಹುಡುಕಿ. 8ರಲ್ಲಿ ತೆಗೆದದ್ದರ ಗೇನ್ ಇಳಿಸಿದರೆ ಅದು ಇದಾಗುವುದಿಲ್ಲ.

ಖರಖರ

ಈಗ ಬಂದೆ. ಎಲ್ಲರೂ ಒಳ್ಳೆಯದೇ ಹೇಳಿದ್ದಾರೆ. ಆದರೆ ಇಷ್ಟೆಲ್ಲ ಮಾಡಿಯೂ ಫಂಕ್ ಆಗದೇ ಇರಬಹುದು.

ಬಲಗೈ ಲೋಲಕ ನಿಲ್ಲಬಾರದು. ಒಂದು ಬೀಟ್‌ಗೆ ನಾಲ್ಕು, ಕೆಳಗೆ ಮೇಲೆ ಕೆಳಗೆ ಮೇಲೆ. ಬಾಯಲ್ಲಿ ತ ಕ ಧಿ ಮಿ ಅಂತ ಹೇಳಿಕೊಳ್ಳಿ. ಕೈ ನಾಲ್ಕಕ್ಕೂ ಹೋಗುತ್ತದೆ, ಸದ್ದು ನಾಲ್ಕಕ್ಕೂ ಬರುವುದಿಲ್ಲ. ಯಾವುದು ಕೇಳಬೇಕು, ಯಾವುದು ಬರೀ ಚಿಕ್ ಅನ್ನಬೇಕು, ಯಾವುದು ತಂತಿಗೆ ತಾಗದೇ ಗಾಳಿಯಲ್ಲಿ ಹೋಗಬೇಕು ಅಂತ ತೀರ್ಮಾನಿಸುವುದು ಎಡಗೈ. ಒತ್ತಿದರೆ ಕಾರ್ಡ್. ಬೆರಳು ತಂತಿ ಮೇಲೇ ಇದ್ದು ಒತ್ತಡ ಬಿಟ್ಟರೆ ಚಿಕ್. ಗಿಟಾರ್ ವಾದಕ ಜಿಮ್ಮಿ ನೋಲನ್ 1965ರಲ್ಲಿ ಜೇಮ್ಸ್ ಬ್ರೌನ್ ತಂಡ ಸೇರಿ ಜನಪ್ರಿಯ ಮಾಡಿದ್ದು ಇದನ್ನೇ. ಕೋಳಿ ಕೆದಕುವ ಸದ್ದು ಅಂತ ಅದಕ್ಕೆ ಹೆಸರೇ ಬಿತ್ತು.

ಇ9 ಹೇಗೆ ಹಿಡಿಯುತ್ತಿದ್ದೀರಿ? ಐದನೇ ತಂತಿ 7ನೇ ಫ್ರೆಟ್ (ಮೆಟ್ಟು), ನಾಲ್ಕನೆಯದು 6, ಮೇಲಿನ ಮೂರು ತೆಳು ತಂತಿ ಉಂಗುರ ಬೆರಳಲ್ಲಿ 7 ಅಂತಿದ್ದರೆ ಹಿಡಿತ ಸರಿ. ಆದರೆ ಐದನ್ನೂ ಬಾರಿಸಬೇಡಿ. ಮೇಲಿನ ಮೂರು ಸಾಕು. ಅಲ್ಲಿ ಸಿಗುವುದು ಡಿ, ಎಫ್ ಶಾರ್ಪ್, ಬಿ. ಮೂಲ ಸ್ವರ ಇ ಬಾಸ್ ಕೊಡುತ್ತದೆ. ನೀವೂ ಕೊಟ್ಟರೆ ಅದೇ ದಪ್ಪ, ಅದೇ ಮಬ್ಬು. ಹಳೇಟೇಪು ಅವರು ಫಿಲ್ಟರ್ ಹಾಕಿ ಕತ್ತರಿಸಲು ಹೇಳಿದ್ದರಲ್ಲಿ ಅರ್ಧವನ್ನು ನೀವು ಬಾರಿಸದೆಯೇ ಕತ್ತರಿಸಬಹುದು.

ಎಲ್ಲವನ್ನೂ ಒಂದೇ ಜೋರಿನಲ್ಲಿ ಬಾರಿಸುವುದು ಇನ್ನೊಂದು ಕಾಯಿಲೆ. ಮಣಿಕಟ್ಟು ಸಡಿಲ ಇರಲಿ, ಮೊಣಕೈ ಅಲ್ಲಾಡಬಾರದು. ಪಿಕ್ ತೆಳ್ಳಗಿರಲಿ, 0.6 ಮಿಲಿಮೀಟರ್ ಸುತ್ತಮುತ್ತ. ಅದರ ತುದಿ ಕಾಲು ಇಂಚು ಕೂಡ ಹೊರಗೆ ಕಾಣಬಾರದು. ಪಿಕಪ್ ಸ್ವಿಚ್ ನೆಕ್ ಮತ್ತು ಮಿಡಲ್ ಎರಡೂ ಸೇರುವ ಜಾಗದಲ್ಲಿ. ಗಿಟಾರ್‌ನ ವಾಲ್ಯೂಮ್ 7ಕ್ಕೆ ಇಳಿಸಿ ನೋಡಿ. ಆಂಪ್ ಮಾಡೆಲ್ ಬದಲಿಸಿದಷ್ಟೇ ವ್ಯತ್ಯಾಸ ಸುಮ್ನೆ ಸಿಗುತ್ತದೆ.

ಕೊನೆಗೆ ಒಂದು ಅಭ್ಯಾಸ. ಆಂಪ್ ಸಿಮ್ ಬೇಡ, ಹೆಡ್‌ಫೋನ್ ಬೇಡ. ಕ್ಲಿಕ್ ಹಾಕಿಕೊಂಡು ಎರಡು ಬಾರ್ ಬರೀ ಚಿಕ್, ಕಾರ್ಡೇ ಇಲ್ಲ. ಅದೇ ಕೇಳಲು ಚೆನ್ನಾಗಿದ್ದರೆ ಮಾತ್ರ ಕಾರ್ಡ್ ಸೇರಿಸಿ.

ಒಂಟಿತಂತಿ

ಖರಖರ ಅವರೇ, ಮೂರೇ ತಂತಿ ಅಂದದ್ದು ಕಣ್ಣು ತೆರೆಸಿತು. ಐದನ್ನೂ ಬಾರಿಸುತ್ತಿದ್ದೆ. ಈಗ ಬಾಸ್ ಎಷ್ಟು ಸ್ಪಷ್ಟ! ಹಾಗಾದರೆ ಇದೇ ಪಾರ್ಟ್ ಅನ್ನು ಎರಡು ಸಲ ರೆಕಾರ್ಡ್ ಮಾಡಿ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ಹಾಕಲೇ? ಅಗಲ ಬರುತ್ತದಲ್ಲ.

ಹಳೇಟೇಪು

ಬೇಡ! ಅದು ಹೆವಿ ರಾಕ್ ಅಭ್ಯಾಸ. ಚಿಕ್ ಸದ್ದನ್ನು ಡಬಲ್ ಮಾಡಿದರೆ ಎರಡು ಪೆಟ್ಟೂ ಹೆಚ್ಚುಕಮ್ಮಿಯಾಗಿ ಬಿದ್ದು ಅಂಚು ಮೊಂಡಾಗುತ್ತದೆ. ಎರಡನೇ ಗಿಟಾರ್ ಬೇಕೆಂದರೆ ಬೇರೆಯದ್ದೇ ನುಡಿಸಲಿ.

ಖರಖರ

ಹೌದು. ಬಲಗಡೆ ಮೇಲಿನ ಮೂರು ತಂತಿಯ ಕಾರ್ಡ್. ಎಡಗಡೆ ಒಂದೇ ತಂತಿಯ ಸಣ್ಣ ಲೈನ್, ಅಂಗೈಯಿಂದ ತಂತಿ ಅದುಮಿಕೊಂಡು, ನಾಲ್ಕನೇ ಅಥವಾ ಐದನೇ ತಂತಿ ಮೇಲೆ. ಇವರು ಸುಮ್ಮನಿದ್ದಾಗ ಅವರು, ಅವರು ಸುಮ್ಮನಿದ್ದಾಗ ಇವರು. ಎರಡನೆಯದಕ್ಕೆ ಬ್ರಿಡ್ಜ್ ಪಿಕಪ್ ಹಾಕಿ, ಸದ್ದು ತಾನಾಗಿ ಬೇರೆಯಾಗುತ್ತದೆ.

ದಪ್ಪತಂತಿ

ಗಿಟಾರ್‌ದೇ ಮಾತಾಯಿತು, ಬಾಸ್ ಬಗ್ಗೆ ಯಾರೂ ಕೇಳಲೇ ಇಲ್ಲ. ಯಾವಾಗಲೂ ಹೀಗೇ.

ನಿಮ್ಮ ಬಾಸ್ ಕ್ಲಿಪ್ ಕೇಳಿದೆ. ತಂತಿ ಹೊಸದು, ರೌಂಡ್‌ವೌಂಡ್ (ದುಂಡು ತಂತಿ ಸುತ್ತಿದ್ದು), ಘಣಘಣ ಅನ್ನುತ್ತಿದೆ. ಎಪ್ಪತ್ತರ ಶುರುವಿನ ಸದ್ದಿಗೆ ಫ್ಲ್ಯಾಟ್‌ವೌಂಡ್ (ಚಪ್ಪಟೆ ಪಟ್ಟಿ ಸುತ್ತಿದ) ತಂತಿ ಬೇಕು. ಬೇಡವೆಂದರೆ ಬ್ರಿಡ್ಜ್ ಹತ್ತಿರ ತಂತಿಯ ಕೆಳಗೆ ಒಂದು ತುಂಡು ಸ್ಪಂಜ್ ಸಿಕ್ಕಿಸಿ. ಹಳೇ ಫೆಂಡರ್ ಬಾಸ್‌ಗಳ ಬ್ರಿಡ್ಜ್ ಮುಚ್ಚಳದ ಒಳಗೆ ಫೋಮ್ ಇರುತ್ತಿತ್ತು, ಅದೇ ಕೆಲಸ. ಸ್ವರ ಥಟ್ ಅಂತ ಬಂದು ಥಟ್ ಅಂತ ಸಾಯುತ್ತದೆ. ಟೋನ್ ಅರ್ಧಕ್ಕಿಳಿಸಿ. ಡ್ರೈ ಸಿಗ್ನಲ್ಲೇ ಸಾಕು, ಆಂಪ್ ಬೇಕೆನಿಸಿದರೆ ಅಂಪೆಗ್ ಬಿ-15 ಮಾದರಿಯದ್ದನ್ನು ತೆಳ್ಳಗೆ ಹಾಕಿ.

ಟೋನ್‌ಗಿಂತ ಮುಖ್ಯವಾದದ್ದು ಸ್ವರದ ಉದ್ದ. ಸ್ವರ ಯಾವಾಗ ಶುರುವಾಗಬೇಕು ಅಂತ ಎಲ್ಲರೂ ನೋಡುತ್ತಾರೆ, ಯಾವಾಗ ಮುಗಿಯಬೇಕು ಅಂತ ಯಾರೂ ನೋಡುವುದಿಲ್ಲ. ನಿಮ್ಮ ಮೊದಲ ಬೀಟ್‌ನ ಇ ಸ್ವರ ಸ್ನೇರ್ (ಚುರುಕು ಸದ್ದಿನ ಡ್ರಮ್) ಬೀಳುವವರೆಗೂ ಎಳೆಯುತ್ತಿದೆ. ಅದನ್ನು ಸ್ನೇರ್‌ಗಿಂತ ಒಂದು ಹದಿನಾರನೇ ಸ್ವರದಷ್ಟು ಮೊದಲೇ ನಿಲ್ಲಿಸಿ. ಸ್ನೇರ್ ಏನೂ ಮಾಡದೆಯೇ ಜೋರಾಗಿ ಕೇಳುತ್ತದೆ. ಇನ್ನು ಬಾರ್‌ನ ಮೊದಲ ಬೀಟ್ ಮೇಲೆ ಕಿಕ್ (ಕಾಲಿನಲ್ಲಿ ಬಡಿಯುವ ಡ್ರಮ್) ಮತ್ತು ಬಾಸ್ ಒಟ್ಟಿಗೆ ಬೀಳಲೇಬೇಕು. ಉಳಿದ ಕಡೆ ನಿಮ್ಮಿಷ್ಟ. ಬಾಸ್ ವಾದಕ ಬೂಟ್ಸಿ ಕಾಲಿನ್ಸ್ ಹೇಳುವ 'ದ ಒನ್' ಅದೇ. ಸ್ಲ್ಯಾಪ್ ಬೇಡ ಅಂತಲೇ ನನ್ನ ಮಾತು. ಲ್ಯಾರಿ ಗ್ರಹಾಂ ಹೆಬ್ಬೆರಳಲ್ಲಿ ಬಡಿದದ್ದನ್ನು ಕೇಳಿ ಎಲ್ಲರೂ ಬಡಿಯಲು ಹೋಗುತ್ತಾರೆ. ಈ ಟ್ರ್ಯಾಕ್‌ನಲ್ಲಿ ಅದಕ್ಕೆ ಜಾಗ ಇಲ್ಲ.

ತಾಳತಪ್ಪಿದವ

ಡ್ರಮ್ಸ್ ನೀವು ಸಾಫ್ಟ್‌ವೇರ್‌ನಲ್ಲಿ ಬರೆದದ್ದಾ? ರೂಮ್ ಮೈಕ್‌ಗಳ ಫೇಡರ್ ಪೂರ್ತಿ ಕೆಳಗಿಳಿಸಿ. ಆ ಕಾಲದ ಫಂಕ್ ಡ್ರಮ್ಸ್ ಒಣಗಿದ ಸದ್ದು. ಡ್ರಮ್ ಮೇಲೆ ಬಟ್ಟೆ ಹಾಸುತ್ತಿದ್ದರು, ಟಾಮ್‌ಗಳ ಕೆಳಗಿನ ಚರ್ಮ ಕಿತ್ತಿಡುತ್ತಿದ್ದರು, ಮೈಕ್ ಹತ್ತಿರ ಇಡುತ್ತಿದ್ದರು. ಸಾಫ್ಟ್‌ವೇರ್ ಕಿಟ್‌ನಲ್ಲಿ ಡ್ಯಾಂಪಿಂಗ್ ಇದ್ದರೆ ಜಾಸ್ತಿ ಮಾಡಿ, ಕ್ರ್ಯಾಶ್ ಸಿಂಬಲ್ ಕಡಿಮೆ ಮಾಡಿ.

ಜೀವ ಇರುವುದು ಸ್ನೇರ್‌ನ ಘೋಸ್ಟ್ ಪೆಟ್ಟುಗಳಲ್ಲಿ. ಎರಡನೇ, ನಾಲ್ಕನೇ ಬೀಟ್‌ನ ದೊಡ್ಡ ಪೆಟ್ಟು ಜೋರಿನ ಅಳತೆಯಲ್ಲಿ 127ಕ್ಕೆ 110 ಇದ್ದರೆ, ನಡುವಿನ ಪಿಸುಪೆಟ್ಟುಗಳು 20ರಿಂದ 40ರೊಳಗೆ ಇರಲಿ. ಕೇಳಬಾರದು, ಆದರೆ ತೆಗೆದರೆ ಏನೋ ಹೋಯಿತು ಅನ್ನಿಸಬೇಕು. ಡ್ರಮ್ಮರ್ ಕ್ಲೈಡ್ ಸ್ಟಬಲ್‌ಫೀಲ್ಡ್ ನುಡಿಸಿದ್ದನ್ನು ನಿಧಾನ ಮಾಡಿ ಕೇಳಿ, ದೊಡ್ಡ ಪೆಟ್ಟಿಗಿಂತ ಪಿಸುಪೆಟ್ಟೇ ಜಾಸ್ತಿ. ಹೈ-ಹ್ಯಾಟ್‌ನಲ್ಲೂ ಒಂದು ಜೋರು, ಒಂದು ಮೆಲ್ಲಗೆ.

ಮತ್ತೆ, ಎಲ್ಲವನ್ನೂ 100 ಪರ್ಸೆಂಟ್ ಕ್ವಾಂಟೈಸ್ (ತಾಳದ ಗೆರೆಗೆ ಕೂರಿಸುವುದು) ಮಾಡಬೇಡಿ. ಹಾಗಂತ ರ್‍ಯಾಂಡಮ್ ಗುಂಡಿಯನ್ನೂ ಒತ್ತಬೇಡಿ. ಮನುಷ್ಯ ತಪ್ಪುವುದು ಒಂದೇ ದಿಕ್ಕಿನಲ್ಲಿ. ಸ್ನೇರ್ ಯಾವಾಗಲೂ ಚೂರು ಹಿಂದೆ ಇರಲಿ, 5ರಿಂದ 8 ಮಿಲಿಸೆಕೆಂಡ್. ಪ್ರತಿ ಬಾರ್‌ನಲ್ಲೂ ಅಷ್ಟೇ.

ಒಂಟಿತಂತಿ

ಪ್ರೋಗ್ರಾಂ ಮಾಡಿದ ಡ್ರಮ್ಸ್ ಇದ್ದರೆ ಅದು ಎಪ್ಪತ್ತರ ಫಂಕ್ ಆಗುತ್ತದಾ ಅಂತ ಅನುಮಾನ ಇತ್ತು.

ತಾಳತಪ್ಪಿದವ

ಫಂಕ್ ಗಾಯಕ ಸ್ಲೈ ಸ್ಟೋನ್ 1971ರ ಆಲ್ಬಂನಲ್ಲೇ ಮೆಸ್ಟ್ರೋ ರಿದಮ್ ಕಿಂಗ್ ಅನ್ನುವ ಡ್ರಮ್ ಮಷಿನ್ ಬಳಸಿದ್ದಾರೆ. ಅನುಮಾನ ಬಿಡಿ.

ಶ್ರುತಿಪೆಟ್ಟಿಗೆ

ಕೀಬೋರ್ಡ್ ಹಾಕುತ್ತೀರಾ? ಕ್ಲಾವಿನೆಟ್ ಹಾಕುವುದಾದರೆ ಒಂದು ವಿಷಯ. ಅದು ನೋಡಲು ಕೀಬೋರ್ಡ್, ಒಳಗೆ ತಂತಿ ಮತ್ತು ಪಿಕಪ್. ಅಂದರೆ ಅರ್ಧ ಗಿಟಾರೇ. ಅದನ್ನೂ ನಿಮ್ಮ ಆಂಪ್ ಸಿಮ್ ಮೂಲಕ ಕಳಿಸಿ. ಸಾಫ್ಟ್‌ವೇರ್ ಕ್ಲಾವಿನೆಟ್‌ನ ಪ್ಲಾಸ್ಟಿಕ್ ವಾಸನೆ ಹೋಗುತ್ತದೆ. ಆದರೆ ಗಿಟಾರ್ ಇರುವ ಜಾಗದಲ್ಲೇ ಅದೂ ಬಂದು ಕೂರುತ್ತದೆ. ಇಬ್ಬರೂ ಹದಿನಾರು ಪೆಟ್ಟು ಬಾರಿಸುತ್ತಿದ್ದರೆ ಒಬ್ಬರನ್ನು ಹೊರಗೆ ಕಳಿಸಿ.

ವಾ (ಸದ್ದನ್ನು ವಾ-ವಾ ಅನ್ನಿಸುವ) ಪೆಡಲ್, ಆಟೋ ವಾ ಬೇಕೆನಿಸಿದರೆ ಆಂಪ್‌ಗಿಂತ ಮೊದಲು. ಮ್ಯೂಟ್ರಾನ್ 3 ಥರದ ಎನ್ವೆಲಪ್ ಫಿಲ್ಟರ್, ಅದು 1972ರದ್ದು, ನಿಮ್ಮ ಕೈ ಜೋರು ನೋಡಿ ಬಾಯಿ ತೆರೆಯುತ್ತದೆ. ಅದರ ಮುಂದೆ ಕಂಪ್ರೆಸರ್ ಇಟ್ಟರೆ ಜೋರು, ಮೆಲ್ಲಗೆ ಎಲ್ಲ ಒಂದೇ ಆಗಿ ಬಾಯಿ ತೆರೆದೇ ಇರುತ್ತದೆ. ಕಂಪ್ರೆಸರ್ ಅದರ ನಂತರ ಇಡಿ.

ಕಾಲಿನಲ್ಲಿ ಒತ್ತುವ ವಾ ಆದರೆ ನುಡಿಸುವಾಗಲೇ ಒತ್ತಿ. ಆಮೇಲೆ ಮೌಸ್‌ನಲ್ಲಿ ಗೆರೆ ಎಳೆದು ಕೂಡಿಸಿದ ವಾ ಎಷ್ಟು ತಿದ್ದಿದರೂ ಗೊತ್ತಾಗಿಬಿಡುತ್ತದೆ. ಪಾದ ಅಲ್ಲಾಡಿದಾಗ ಬಲಗೈ ಜೋರೂ ಬದಲಾಗುತ್ತದೆ, ಆ ಜೋಡಿಯನ್ನು ಬರೆಯಲು ಆಗುವುದಿಲ್ಲ.

ಒಂಟಿತಂತಿ

ಟೇಪ್ ಸ್ಯಾಚುರೇಶನ್ (ಟೇಪ್ ಮೇಲೆ ಜೋರಾಗಿ ರೆಕಾರ್ಡ್ ಮಾಡಿದ ಸದ್ದಿನ ಅನುಕರಣೆ) ಪ್ಲಗಿನ್ ಪ್ರತಿ ಟ್ರ್ಯಾಕ್‌ಗೂ ಹಾಕಬೇಕು ಅಂತ ಎಲ್ಲೋ ಓದಿದೆ. ಹಳೇಟೇಪು ಅವರ ಹೆಸರು ನೋಡಿ ಅವರನ್ನೇ ಕೇಳುತ್ತಿದ್ದೇನೆ.

ಹಳೇಟೇಪು

ಹೆಸರು ನೋಡಿ ಮೋಸ ಹೋಗಬೇಡಿ!

ಪ್ರತಿ ಟ್ರ್ಯಾಕ್‌ಗೆ ತೆಳ್ಳಗೆ ಹಾಕುವುದರಲ್ಲಿ ತಪ್ಪಿಲ್ಲ, ಟೇಪ್ ಇದ್ದಾಗ ಎಲ್ಲವೂ ಅದರ ಮೇಲೇ ಹೋಗುತ್ತಿತ್ತು. ಆದರೆ ಜನ ಅದರ ಡ್ರೈವ್ ಏರಿಸಿ ವಿಂಟೇಜ್ ಅನ್ನುತ್ತಾರೆ. ಆ ಕಾಲದ ಎಂಜಿನಿಯರ್ ಟೇಪ್ ಒಡೆಯದಂತೆ ನೋಡಿಕೊಳ್ಳಲು ಒದ್ದಾಡುತ್ತಿದ್ದ. ಡ್ರಮ್ಸ್ ಗುಂಪಿಗೆ ಸ್ವಲ್ಪ ಜಾಸ್ತಿ, ಸ್ನೇರ್‌ನ ತುದಿ ಉರುಟಾಗುವಷ್ಟು. ಬಾಸ್‌ಗೆ ಸ್ವಲ್ಪ. ಗಿಟಾರ್‌ಗೆ ಹಾಕಿದ್ದು ಗೊತ್ತಾಗಲೇಬಾರದು. ವೇಗ ಸೆಕೆಂಡಿಗೆ 15 ಇಂಚಿನದ್ದು ಆರಿಸಿದರೆ ಕೆಳಗೆ ತುಸು ಉಬ್ಬು ಸಿಗುತ್ತದೆ, 30ರಲ್ಲಿ ಮೇಲುಗಡೆ ತಿಳಿಯಾಗಿರುತ್ತದೆ. ನಿಮ್ಮದಕ್ಕೆ 15.

ಟೇಪ್‌ನಿಂದ ಕಲಿಯಬೇಕಾದದ್ದು ಸದ್ದಲ್ಲ, ಮಿತಿ. ಎರಡು ಇಂಚಿನ ಟೇಪ್‌ನಲ್ಲಿ 16 ಟ್ರ್ಯಾಕ್. ಡ್ರಮ್ಸ್, ಬಾಸ್, ಎರಡು ಗಿಟಾರ್, ಕೀಬೋರ್ಡ್, ಹಿತ್ತಾಳೆ ವಾದ್ಯ, ಗಾಯನ ಎಲ್ಲ ಅದರೊಳಗೆ. ಡ್ರಮ್ಸ್‌ಗೆ ಮೂರೋ ನಾಲ್ಕೋ ಸಿಕ್ಕರೆ ಪುಣ್ಯ. ನಿಮ್ಮ ಸಾಫ್ಟ್‌ವೇರ್‌ನಲ್ಲೂ ಹಾಗೇ ಮಾಡಿ. ಡ್ರಮ್ಸ್ ಮಿಕ್ಸ್ ಮಾಡಿ ಒಂದು ಸ್ಟೀರಿಯೋ ಫೈಲ್ ಆಗಿ ಇಳಿಸಿ, ಮೂಲ ಟ್ರ್ಯಾಕ್‌ಗಳನ್ನು ಮುಚ್ಚಿಡಿ. ಅಲ್ಲಿಗೆ ಕಿಕ್ ತಿದ್ದುವ ಚಟ ನಿಲ್ಲುತ್ತದೆ, ನುಡಿಸುವ ಕಡೆ ಗಮನ ಹೋಗುತ್ತದೆ.

ರಿವರ್ಬ್ ಬಗ್ಗೆ ಒಂದೇ ಮಾತು: ಇಡೀ ಟ್ರ್ಯಾಕ್‌ಗೆ ಒಂದೇ ಪ್ಲೇಟ್ (ಲೋಹದ ಹಾಳೆಯ ಅನುರಣನ), ಇಎಂಟಿ 140 ಮಾದರಿ, ಒಂದು ಸೆಕೆಂಡಿನ ಆಸುಪಾಸು. ಅದಕ್ಕೆ ಸ್ನೇರ್, ಹಿತ್ತಾಳೆ ವಾದ್ಯ ಕಳಿಸಿ. ಕಾರ್ಡ್ ಗಿಟಾರ್ ಕಳಿಸಬೇಡಿ.

ಬಫರ್_128

ಅಂದಹಾಗೆ ಹಳೇಟೇಪು ಸರ್, ಮುಚ್ಚಿಡಿ ಅಂದರೆ ಡಿಲೀಟ್ ಅಲ್ಲ ಅಂತ ಸ್ಪಷ್ಟ ಮಾಡಿಬಿಡಿ. ಕೆಲವರು ಅಕ್ಷರಶಃ ಪಾಲಿಸುತ್ತಾರೆ.

ಒಂಟಿತಂತಿ

ಡಿಲೀಟ್ ಮಾಡಿಲ್ಲ, ಗಾಬರಿ ಬೇಡ.

ಹೊಸ ಕ್ಲಿಪ್ ಹಾಕಿದ್ದೇನೆ, 16 ಬಾರ್. ಬಫರ್ 64. ಬಲಗಡೆ ಮೂರು ತಂತಿಯ ಕಾರ್ಡ್, ಎಡಗಡೆ ಅದುಮಿದ ಲೈನ್. ಬಾಸ್‌ಗೆ ಸ್ಪಂಜ್ ಸಿಕ್ಕಿಸಿದೆ. ಗಿಟಾರ್‌ಗೆ ಟ್ವಿನ್ ಮಾಡೆಲ್ ಮುಕ್ಕಾಲು, ಡ್ರೈ ಕಾಲು ಭಾಗ. ಪೊಲಾರಿಟಿ ಪರೀಕ್ಷೆ ಮಾಡಿದಾಗ ನಿಜಕ್ಕೂ ಎರಡು ಟ್ರ್ಯಾಕ್ ನಡುವೆ ವ್ಯತ್ಯಾಸ ಇತ್ತು, ಸರಿಸಿದೆ. 150 ಹರ್ಟ್ಜ್‌ನಿಂದ ಕೆಳಗೆ ಕತ್ತರಿಸಿದ್ದೇನೆ. ಗಿಟಾರ್ ಒಂದನ್ನೇ ಕೇಳಿದರೆ ಬಡಕಲು. ಎಲ್ಲದರ ಜೊತೆ ಕೇಳಿದರೆ, ನೀವೇ ಹೇಳಿ.

ದಪ್ಪತಂತಿ

ಬಾಸ್ ಈಗ ಬಾಸ್ ಆಯಿತು. ಏಳನೇ ಬಾರ್‌ನಲ್ಲಿ ಮೇಲೆ ಓಡಿದಿರಲ್ಲ, ಅದು ಬೇಡ. ಅಲ್ಲಿ ಸುಮ್ಮನಿರಿ.

ಶ್ರುತಿಪೆಟ್ಟಿಗೆ

ಚೆನ್ನಾಗಿದೆ. ಹೈ-ಹ್ಯಾಟ್, ಗಿಟಾರ್ ಬೇರೆಬೇರೆಯಾಗಿ ಕೇಳುತ್ತಿವೆ. ನಾನಾದರೆ ಡ್ರೈ ಭಾಗ ಇನ್ನೂ ಇಳಿಸುತ್ತಿದ್ದೆ.

ಹಳೇಟೇಪು

ನಾನಾದರೆ ಏರಿಸುತ್ತಿದ್ದೆ. ಆದರೆ ನಡೆಯುತ್ತದೆ.

ಖರಖರ

ಬಲಗೈ ಸಡಿಲಾಗಿದೆ, ಗೊತ್ತಾಗುತ್ತದೆ. ಒಂದೇ ತಕರಾರು. ಎ9ಗೆ ಹೋಗುವಾಗ ಆರನೇ ತಂತಿ ಹಿಂದೆ ಮೊಳಗುತ್ತಿದೆ. 12ನೇ ಫ್ರೆಟ್‌ಗೆ ಕೈ ಜಾರುವಾಗ ತಂತಿ ಬಿಟ್ಟುಹೋಗುತ್ತಿದೆ, ಪಿಕ್ ತಾಗಿ ಖಾಲಿ ಇ ಹೊರಡುತ್ತಿದೆ. ಕಂಪ್ರೆಸರ್ ಅದನ್ನು ಇನ್ನಷ್ಟು ಎತ್ತಿ ಕೊಡುತ್ತಿದೆ, ಹಾಗಾಗಿ ಫಿಲ್ಟರ್‌ನಲ್ಲಿ ಹೋಗುವುದಿಲ್ಲ. ಎಡಗೈ ಮಧ್ಯದ ಬೆರಳ ತುದಿಯನ್ನು ಐದನೇ ತಂತಿಯಿಂದ ಆಚೆ ಒಂದು ಕೂದಲೆಳೆಯಷ್ಟು ಚಾಚಿ, ಆರನೆಯದಕ್ಕೆ ತಾಗಿ ಅದು ಸತ್ತಿರುತ್ತದೆ. ಜಾರುವಾಗಲೂ ಬೆರಳು ಎತ್ತಬೇಡಿ. ಆ ಎರಡು ಬಾರ್ ಮಾತ್ರ ಮತ್ತೆ ನುಡಿಸಿ ಹಾಕಿ, ಉಳಿದದ್ದನ್ನು ಮುಟ್ಟಬೇಡಿ.